ಗಡಹಿಂಗ್ಲಜದ ಟಿ.ವಿ.

ದಾದಾ, ನನ್ನ ಅಣ್ಣ, ಆ ಕರಿ ಡಬ್ಬಿಯನ್ನು ಮನೆಗೆ ತಂದಾಗ ಅವ್ವ ಅಂಗಳದಲ್ಲಿ ಕಾಂಡಿ ಮಶೀನಿನ ಮುಂದೆ ಕೂತಿದ್ದಳು. ಮಗ್ಗದ ಲಾಳಿಯೊಳಗೆ ಕೂಡಿಸುವ ನೂಲಿನ ಕಾಂಡಿಗಳನ್ನು ಸುತ್ತುವುದು ಅವಳ ಕೆಲಸ. ಇಚಲಕರಂಜಿ ಮಗ್ಗುಲಿನ ಕಬನೂರಿನ ನಮ್ಮ ಓಣಿಯಲ್ಲಿ ಅರ್ಧಕ್ಕರ್ಧ ಹೆಂಗಸರ ಕೆಲಸವೂ ಅದೇ. ದಾದಾ ಗಾಡಿ ನಿಲ್ಲಿಸಿ, ಹೆಲ್ಮೆಟ್ ಕೂಡ ತೆಗೆಯದೆ, ಹೊಟ್ಟೆಗೆ ಅವಚಿಕೊಂಡ ಚೀಲದೊಂದಿಗೆ ನೇರ ಒಳಗೆ ನಡೆದ.

"ಏನೋ ಅದು ವಿಜ್ಯಾ?" ಅವ್ವ ಮಶೀನು ನಿಲ್ಲಿಸದೆ ಕೇಳಿದಳು.

"ಸಿನಿಮಾ ನೋಡೂದವ್ವಾ."

"ಡಬ್ಬಿಯೊಳಗ ಸಿನಿಮಾ ಐತೇನು?"

"ಟಿ.ವಿ.ಗೆ ಜೋಡಿಸಬೇಕು. ಹೆಚ್.ಡಿ. ಕಾಣತೈತಿ. ಮಾರಿ ಮ್ಯಾಲಿನ ಬೆವರ ಹನಿ ಸುದ್ಧಾ ಎಣಿಸಬಹುದು."

"ನಿಮ್ಮಪ್ಪನ ಮಾರಿ ಮ್ಯಾಲಿಂದು ದಿನಾ ಎಣಸತೇನಲ್ಲ, ಸಾಲದೇನು?"

ಅದು ವಿಡಿಯೋ ಗೇಮಿನ ಡಬ್ಬಿ. ಗೋಕುಳ ಶಿರಗಾಂವದ ವರ್ಕಶಾಪಿನಲ್ಲಿ ದಾದಾನ ಪಕ್ಕದ ಮಶೀನಿನ ಮೇಲೆ ಕೆಲಸ ಮಾಡುವ ಅರಿಹಂತ ಹೊಸದನ್ನು ಕೊಂಡು, ಹಳೆಯದನ್ನು ದಾದಾನ ತಲೆಗೆ ಕಟ್ಟಿದ್ದ. ಆಟ ಆಡುವ ಡಬ್ಬಿ ಎಂದರೆ ಮನೆಯಲ್ಲಿ ಯಾರೂ ಒಪ್ಪುವುದಿಲ್ಲವೆಂದು ದಾದಾ ಅದಕ್ಕೆ ಸಿನಿಮಾದ ಡಬ್ಬಿ ಎಂದು ಹೆಸರಿಟ್ಟ. ಅದರಲ್ಲಿ ಸಿನಿಮಾ ಬರುವುದೂ ಸುಳ್ಳಲ್ಲ.

ಟಿ.ವಿ. ದಾದಾನ ಹೆಂಡತಿ ಸಪನಾ ವೈನಿಯ ತವರಿನದು. ವೈನಿಯ ಅಪ್ಪ ಮಾಯಪ್ಪನಿಗೆ ಗಡಹಿಂಗ್ಲಜದಲ್ಲಿ ವೆಲ್ಡಿಂಗಿನ ಸಣ್ಣ ಅಂಗಡಿಯಿದೆ. ಮಗಳ ಮದುವೆಗೆಂದು ಗೋಡೆಗೆ ತೂಗುಹಾಕುವ ಟಿ.ವಿ. ಕೊಟ್ಟು, ಅದನ್ನು ಕೂಡಿಸುವ ಕಬ್ಬಿಣದ ಕೈಯನ್ನು ತಾನೇ ಮಾಡಿ ತಂದಿದ್ದ. ಮದುವೆಯಾಗಿ ವರ್ಷ ಆಗುತ್ತ ಬಂದರೂ ಅದರ ಅಂಚಿನ ಪ್ಲಾಸ್ಟಿಕನ್ನು ಅವ್ವ ತೆಗೆಯಗೊಟ್ಟಿರಲಿಲ್ಲ. ಕೇಬಲ್ಲಿನ ಪೆಟ್ಟಿಗೆಯಿಂದ ಕೆಂಪು, ಹಳದಿ, ಬಿಳಿ, ಹೀಗೆ ಮೂರು ಬಣ್ಣದ ವೈರು ಅದಕ್ಕೆ ಬರುತ್ತಿತ್ತು. ಚಿತ್ರ ಗಂಜಿ ಹಚ್ಚಿದ ಬಟ್ಟೆಯ ಹಿಂದಿನಿಂದ ನೋಡಿದಂತೆ ಕಾಣುತ್ತಿತ್ತು. ನಾವು ಅದಕ್ಕೆ ಹೊಂದಿಕೊಂಡಿದ್ದೆವು. ಅಪ್ಪ ಮಾತ್ರ ಅದರ ಮುಂದೆ ಕೂರುತ್ತಿರಲಿಲ್ಲ. ಪವರ್‌ಲೂಮಿನ ಶೆಡ್ಡಿನಿಂದ ಕೆಲಸ ಮುಗಿಸಿ ಬಂದು ಸ್ನಾನ ಮಾಡಿ, ಉಂಡು, ಹೊರಗಿನ ಕಟ್ಟೆಗೆ ಹೋಗಿಬಿಡುತ್ತಿದ್ದ.

"ಸಾರಿಕಾ, ನಮ್ಮಪ್ಪ ಕೊಟ್ಟದ್ದು ಸಣ್ಣದು ಅಂತ ಮಾಮಾ ನೋಡೂದಿಲ್ಲೇನು?" ಎಂದು ವೈನಿ ಒಮ್ಮೆ ಮಾವನ ಬಗ್ಗೆ ನನ್ನನ್ನು ಕೇಳಿದ್ದಳು.

"ಹಂಗೇನಿಲ್ಲ ವೈನಿ. ಅವರಿಗೆ ಟಿ.ವಿ. ಸೇರೂದಿಲ್ಲ."

"ಓಣ್ಯಾಗ ಸುಶೀಲಾಬಾಯಿ ಮನಿ ಮುಂದ ನಿಂತು ಮ್ಯಾಚ ನೋಡತಾರಲ್ಲ?"



ಡಬ್ಬಿ ಬಂದ ದಿನ ಸಂಜೆ ಅಪ್ಪ ಅದನ್ನು ನೋಡಿದ. ಕಾಲಿನ ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದ. ಅಪ್ಪನ ದನಿ ಯಾವಾಗಲೂ ದೊಡ್ಡದು; ಮಗ್ಗದವರೆಲ್ಲರದೂ ಹಾಗೆಯೇ.

"ಮನ್ಯಾಗ ಕೂಸು ಇಲ್ಲ ಕುನ್ನಿ ಇಲ್ಲ, ಆಟಿಕಿ ಯಾರಿಗೆ ತಂದಿ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ವೈನಿಯ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿಯ ಅಂಚು ಸುಟ್ಟಿತು.

"ನನ್ನ ಪಗಾರದಾಗ ತಂದೇನಿ," ದಾದಾ ಅಂದ.

"ಪಗಾರ ನಿಂದು, ಕರೆಂಟಿನ ಬಿಲ್ಲು ಯಾರದು?"

"ಹಂಗಾರ ಬಿಲ್ಲೂ ನಾನ ತುಂಬತೇನಿ. ಆವಾಗ ಮಾತಾಡಬ್ಯಾಡ್ರಿ."

ಆ ದಿನದಿಂದ ಇಬ್ಬರ ನಡುವೆ ಮಾತು ನಿಂತಿತು. ನಮ್ಮ ಮನೆಯಲ್ಲಿ ಮಾತು ಬಿಡುವುದು ಕಷ್ಟದ ಕೆಲಸವೇನಲ್ಲ. ಅಪ್ಪನದು ಒಂದು ವಾರ ದಿನಪಾಳಿ, ಒಂದು ವಾರ ರಾತ್ರಿಪಾಳಿ. ಒಬ್ಬರು ಚಪ್ಪಲಿ ಬಿಡುವ ಹೊತ್ತಿಗೆ ಇನ್ನೊಬ್ಬರು ಮೆಟ್ಟಿಕೊಳ್ಳುತ್ತಿದ್ದರು.

ದಾದಾ ಡಬ್ಬಿಯ ಜೊತೆಗೇ ಬಂದಿದ್ದ ವೈರನ್ನು ಟಿ.ವಿ.ಗೆ ಜೋಡಿಸಿದ. ಅದೂ ಅದೇ ಮೂರು ಬಣ್ಣದ್ದು. ಚಿತ್ರವೂ ಮೊದಲಿನಂತೆಯೇ ಬಂತು.

"ಇದ ಏನು ನಿನ್ನ ಹೆಚ್.ಡಿ.?" ಅವ್ವ ಕೇಳಿದಳು. "ನಿನ್ನೆ ಕೇಬಲ್ಲಿನಾಗೂ ಇದ ಮಾರಿ ಇತ್ತು."

ದಾದಾ ಅರಿಹಂತನಿಗೆ ಫೋನು ಹಚ್ಚಿದ. ಆ ಕಡೆಯಿಂದ ನಗು ನಮಗೂ ಕೇಳಿಸಿತು. "ಅರೆ ಯೇಡ್ಯಾ, ತೀ ಪಿವಳೀ ವಾಯರ ಆಧೀ ಕಾಢ." ಮೊದಲು ಆ ಹಳದಿ ವೈರು ಕಿತ್ತುಹಾಕು, ಚಪ್ಪಟೆ ಬಾಯಿಯ ಹೆಚ್.ಡಿ.ಎಮ್.ಐ. ವೈರು ತಂದು ಹಾಕು ಎಂದು ಅರಿಹಂತ ಮರಾಠಿಯಲ್ಲಿ ಹೇಳಿದ. ಮುಂದಿನ ಪಗಾರಕ್ಕೆ ಕೊಲ್ಹಾಪುರದಿಂದ ತರುತ್ತೇನೆಂದು ದಾದಾ ಡಬ್ಬಿಯನ್ನು ಟ್ರಂಕಿನ ಮೇಲಿಟ್ಟ. ಅವ್ವ ಅದರ ಮೇಲೆ ಕೋರಾ ಬಟ್ಟೆಯ ತುಂಡೊಂದನ್ನು ಹೊದಿಸಿ, ಮೇಲೆ ಬೆಳ್ಳುಳ್ಳಿಯ ಬುಟ್ಟಿ ಇಟ್ಟಳು.

ವೈನಿ ಮನೆಗೆ ಬಂದ ಹೊಸದರಲ್ಲಿ ಅವ್ವ ಅವಳನ್ನು ಕೂಡಿಸಿಕೊಂಡು ಹೇಳಿಕೊಟ್ಟಿದ್ದಳು. "ಮಾವ ಮನ್ಯಾಗಿದ್ದಾಗ ತಲಿ ಮ್ಯಾಲ ಸೆರಗು ಇರಬೇಕು. ಎದುರಿಗೆ ನಿಂತು ಮಾತಾಡಬಾರದು. ಬಾಗಲ ಮರಿಗೆ ನಿಂತು ಮೆಲ್ಲಕ ಹೇಳಬೇಕು. ನಾ ನನ್ನ ಮಾವನ ಮಾರಿ ನೋಡಿದ್ದು ಅವರು ಸತ್ತಮ್ಯಾಲ."

ವೈನಿ ಅದನ್ನು ಅಕ್ಷರ ತಪ್ಪದೆ ಪಾಲಿಸಿದಳು. ಅಡುಗೆಮನೆಯ ಹೊಸ್ತಿಲಲ್ಲಿ ಚಹಾ ಇಟ್ಟು, ಸೆರಗನ್ನು ಹಲ್ಲಿನಲ್ಲಿ ಹಿಡಿದು, "ಮಾಮಾ, ಚಹಾ" ಅನ್ನುತ್ತಿದ್ದಳು. ಅಪ್ಪ ಬೀದಿಯ ಕಡೆ ನೋಡುತ್ತ ಕೂತಿರುತ್ತಿದ್ದ. ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಆಮೇಲೆ ಅವ್ವ ಬಂದು ಭುಜ ಮುಟ್ಟಿ "ಚಹಾ ಆರಾಕತ್ತೈತಿ" ಅಂದಾಗ ಎತ್ತಿಕೊಂಡು ಕುಡಿಯುತ್ತಿದ್ದ.

ನಮ್ಮ ಓಣಿಯಲ್ಲಿ ಯಾರನ್ನಾದರೂ ಕರೆಯಬೇಕೆಂದರೆ ಹೆಸರು ಕೂಗುವುದಿಲ್ಲ. ಎದುರಿಗೆ ಹೋಗಿ ನಿಲ್ಲುತ್ತೇವೆ, ಇಲ್ಲವೆ ಭುಜ ಮುಟ್ಟುತ್ತೇವೆ. ಸಣ್ಣವರಿದ್ದಾಗ ಶೆಡ್ಡಿಗೆ ಬುತ್ತಿ ಒಯ್ದು ಕಲಿತದ್ದು. ಮಗ್ಗಗಳ ಸಪ್ಪಳದಲ್ಲಿ ಕೂಗಿ ಉಪಯೋಗವಿಲ್ಲ. ಅಲ್ಲಿ ಎಲ್ಲರೂ ಬಾಯಿ ಅಗಲಿಸಿ, ಕೈ ಆಡಿಸಿ ಮಾತಾಡುತ್ತಾರೆ. ಗಡಹಿಂಗ್ಲಜದ ವೈನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡುವಂಥ ವಿಷಯವೆಂದು ನಮಗೆ ಅನಿಸಿರಲಿಲ್ಲ.

ಅಷ್ಟರಲ್ಲಿ ವೈನಿಯ ತಂಗಿ ರತ್ನಮಾಲಾಳ ಸಂಬಂಧ ಗಟ್ಟಿಯಾಯಿತು. ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಮಾಡಿ ಮಾತು ಮುಗಿಸುವುದೆಂದು ಗೊತ್ತಾಯಿತು. ಮಾಯಪ್ಪ ಕರೆಯಲು ಅಪ್ಪನಿಗೆ ಫೋನು ಮಾಡಿದ; ಅಪ್ಪ ಎತ್ತಲಿಲ್ಲ. ಅಪ್ಪ ಯಾರ ಫೋನನ್ನೂ ಎತ್ತುತ್ತಿರಲಿಲ್ಲ. ಮಾಯಪ್ಪ ಅವ್ವನಿಗೆ ಮಾಡಿ ಹೇಳಿದ.

"ಅತ್ತಿ, ನಾ ಎರಡ ದಿನ ಮೊದಲ ಹೋಗಲೇನ್ರಿ? ಅವ್ವ ಒಬ್ಬಾಕಿನ ಅದಾಳ," ವೈನಿ ಕೇಳಿದಳು.

"ನನಗ ಏನ ಕೇಳತಿ? ಹಿರ್ಯಾರನ್ನ ಕೇಳು. ಅವರು ಹೂಂ ಅಂದ್ರ ಹೋಗು."

ಅಪ್ಪ ಗೋಡೆಗೆ ಒರಗಿ ಅಡಿಕೆ ಕತ್ತರಿಸುತ್ತಿದ್ದ. ವೈನಿ ಬಾಗಿಲ ಮರೆಗೆ ಬಂದು ನಿಂತಳು. "ಮಾಮಾ, ರತ್ನಮಾಲಾನ ಸಾಖರಪುಡಾ ಐತ್ರಿ. ಹೋಗಿ ಬರಲೇನ್ರಿ?"

ಅಪ್ಪ ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ. ವೈನಿ ಸ್ವಲ್ಪ ಹೊತ್ತು ನಿಂತು ಒಳಗೆ ಬಂದಳು. ಮರುದಿನವೂ ಕೇಳಿದಳು. ಆಗ ಅಪ್ಪ ತಲೆ ಎತ್ತಿ ಬಾಗಿಲ ಕಡೆ ನೋಡಿದ, ಮತ್ತೆ ತನ್ನ ಕೆಲಸಕ್ಕೆ ತಗ್ಗಿದ.

"ಸುಮ್ನಿದ್ದಾರಂದ್ರ ಮನಸಿಲ್ಲ ಅಂತ ತಿಳಕೋ," ಅವ್ವ ಅಂದಳು. "ನಿಮ್ಮಪ್ಪ ಖುದ್ದ ಬಂದು ಕರದಿಲ್ಲ, ಫೋನಿನಾಗ ಕರದಾನ. ಅದರದ ಸಿಟ್ಟ ಇರಬೇಕು."

"ಅಂಗಡಿ ಬಿಟ್ಟು ಹೆಂಗ ಬರಬೇಕ್ರಿ ಅವರು?"

"ನಮ್ಮ ಕಡೆ ರೀತಿ ಹಂಗೈತಿ, ನಾ ಏನ ಮಾಡಲಿ?"

ಆ ದಿನ ಉಣ್ಣುವಾಗ ವೈನಿ ದಾದಾನಿಗೆ ಹೇಳಿದಳು. "ನೀವ ಒಂದ ಮಾತ ಕೇಳ್ರಿ ಮಾಮಾಗ."

"ನಾ ಅವರ ಜೋಡಿ ಮಾತ ಬಿಟ್ಟೇನಿ."

"ಒಂದು ಡಬ್ಬಿ ಸಲುವಾಗಿ?"

"ಡಬ್ಬಿ ಸಲುವಾಗಿ ಅಲ್ಲ."

"ಮತ್ತ ಯಾತರ ಸಲುವಾಗಿ?"

ದಾದಾ ಝುಣಕ ಹಾಕಿಸಿಕೊಂಡ. ಅಪ್ಪ ಅಂದಿದ್ದ ಕೂಸಿನ ಮಾತು ನನಗೆ ನೆನಪಾಯಿತು.

ಸಾಖರಪುಡಾದ ದಿನ ವೈನಿಯ ಫೋನಿಗೆ ಫೋಟೋಗಳು ಒಂದರ ಹಿಂದೆ ಒಂದು ಬಂದವು. ಮನೆಯ ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ ಉಟ್ಟಿದ್ದರು. ವೈನಿಯ ಪಾಲಿನ ಸೀರೆ ಮಡಿಕೆ ಬಿಚ್ಚದೆ ಮಂಚದ ಮೇಲಿದ್ದದ್ದೂ ಒಂದು ಫೋಟೋದಲ್ಲಿ ಕಂಡಿತು. ಅವಳು ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನೋಡುತ್ತ ರೊಟ್ಟಿ ಬಡಿದಳು. ಬಡಿಯುವ ಸಪ್ಪಳ ಅವತ್ತು ಬೀದಿಗೆ ಕೇಳುತ್ತಿತ್ತು.

"ಹಂಗ್ಯಾಕ ಬಡೀತಿ, ಕಟ್ಟಿ ಒಡದೀತು," ಅವ್ವ ಅಂದಳು.

"ಒಡೀಲಿ."

ಮುಂದಿನ ವಾರ ವೈನಿ ಚೀಲ ತುಂಬಿ, ಯಾರನ್ನೂ ಕೇಳದೆ ಹೊರಟು ನಿಂತಳು. ಅಪ್ಪ ಶೆಡ್ಡಿಗೆ ಹೋಗಿದ್ದ.

"ಯಾರನ್ನ ಕೇಳಿ ಹೊಂಟಿ?" ಅವ್ವ ಕಾಂಡಿ ಮಶೀನು ನಿಲ್ಲಿಸಿ ಎದ್ದಳು.

"ಕೇಳೀನ್ರಿ ಅತ್ತಿ. ಗ್ವಾಡಿಗೆ ಕೇಳಿದ್ದರ ಗ್ವಾಡಿ ಆದ್ರೂ ಹೂಂ ಅಂತಿತ್ತು."

"ಹಿರ್ಯಾರಿಗೆ ಹಿಂಗ ಅನಬಾರದು."

"ಅವರು ನನಗ ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಬೈದಿದ್ದರ ಬೈಸ್ಕೊಂಡು ಇರತಿದ್ದೆ. ಈ ಮನ್ಯಾಗ ನಾ ಇದ್ದದ್ದ ಅವರಿಗೆ ಗೊತ್ತಿಲ್ಲ."

ದಾದಾ ಅವಳನ್ನು ಬಸ್ಸಿಗೆ ಹತ್ತಿಸಿ ಬಂದ. ಬಂದವನೇ, ಹೆಲ್ಮೆಟ್ ಕೈಯಲ್ಲಿ ಹಿಡಿದು ನಿಂತೇ ಹೇಳಿದ. "ಗೋಕುಳ ಶಿರಗಾಂವದಾಗ ಬಾಡಿಗೀಗೆ ಒಂದು ಖೋಲಿ ನೋಡೇನವ್ವಾ. ಅಕಿ ತಿರುಗಿ ಬಂದರ ಅಲ್ಲಿಗೆ ಬರತಾಳ. ಇಲ್ಲಿಗೆ ಬರೂದಿಲ್ಲ ಅಂದಾಳ."

"ನಿಮ್ಮಪ್ಪಗ ಹೇಳಿಯೇನು?"

"ನೀನ ಹೇಳು."

ಅವ್ವ ಹೇಳಲಿಲ್ಲ. ಅಪ್ಪ ಕೇಳಿದಾಗ, ಸೊಸಿ ತವರಿಗೆ ಹೋಗ್ಯಾಳ ಅಂದಳು ಅಷ್ಟೆ. ಅಪ್ಪ ತಲೆಯಾಡಿಸಿದ. ಪಕ್ಕದ ಮನೆಯ ಸುಶೀಲಾಬಾಯಿ ಕಾಂಡಿಯ ಬುಟ್ಟಿ ಹೊತ್ತು ಬಂದು ಕಟ್ಟೆಯ ಮೇಲೆ ಕೂತು ಮರಾಠಿಯಲ್ಲಿ ಕೇಳಿದಳು. "ಕಾಯ ಗಂಗುಬಾಯಿ, ಸೂನ ಕುಠೆ ಗೇಲಿ?"

"ಸೊಸಿ ತವರಿಗೆ ಹೋಗ್ಯಾಳ್ರಿ. ಸಾಖರಪುಡಾ ಇತ್ತಲ್ಲ."

"ಅದ ಮುಗದು ವಾರ ಆತಲ್ಲ?" ಸುಶೀಲಾಬಾಯಿಗೆ ನಮ್ಮ ಕನ್ನಡವೂ ಚೆನ್ನಾಗಿ ಬರುತ್ತಿತ್ತು.

ಅವ್ವ ಮಶೀನು ಜೋರು ಮಾಡಿದಳು.

ದಿನಗಳು ಹಾಗೇ ಹೋದವು. ವೈನಿ ಇಲ್ಲದ್ದಕ್ಕೆ ಅವ್ವ ಸುತ್ತುವ ಕಾಂಡಿ ಕಡಿಮೆಯಾದವು. ನಾನು ಮಾಡಿದ ರೊಟ್ಟಿಯನ್ನು ನೋಡಿ ದಾದಾ, "ಇದು ಗೋವಾದ ನಕಾಶೆ, ಇದು ಕೇರಳದ್ದು" ಅಂದ. ಪಗಾರವಾದ ಮೇಲೆ ಆ ಚಪ್ಪಟೆ ಬಾಯಿಯ ವೈರನ್ನು ತಂದ. ತಂದದ್ದು ಸಿನಿಮಾದ ಆಸೆಗೆ ಎನ್ನುವುದಕ್ಕಿಂತ ಸೂಟಿಯ ದಿನ ಮನೆಯಲ್ಲಿ ಕೈಗೆ ಬೇರೆ ಕೆಲಸವಿಲ್ಲ ಎಂದಿರಬೇಕು.

ಅವತ್ತು ಅಪ್ಪನಿಗೂ ಸೂಟಿಯಿತ್ತು. ಅವ್ವ ಕಟ್ಟೆಯ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದಳು. ಕೂರಲು ಬೇರೆ ಜಾಗವಿಲ್ಲದೆ ಅಪ್ಪ ಒಳಗೆ, ಟಿ.ವಿ.ಯ ಎದುರಿಗೆ ತಟ್ಟೆ ಇಟ್ಟುಕೊಂಡ. ದಾದಾ ಬೆಳ್ಳುಳ್ಳಿ ಬುಟ್ಟಿ ಕೆಳಗಿಳಿಸಿ, ಮೂರು ಬಣ್ಣದ ವೈರು ಕಿತ್ತು, ಹೊಸದನ್ನು ಸಿಕ್ಕಿಸಿ, ಅರಿಹಂತ ಕೊಟ್ಟ ಪೆನ್ ಡ್ರೈವ್ ಹಚ್ಚಿದ.

ಟಿ.ವಿ. ಬೇರೆಯೇ ಟಿ.ವಿ. ಆಯಿತು. ಒಂದು ಹೆಂಗಸಿನ ಮುಖ ತೆರೆಯ ತುಂಬ ಬಂತು.

"ಅಯ್ಯ, ಅಕಿ ಮೂಗಿನ ಮ್ಯಾಲಿನ ಮಚ್ಚಿ ಕಾಣತೈತಿ," ಅವ್ವ ಸೌಟು ಹಿಡಿದೇ ಬಂದು ನಿಂತಳು.

"ಆವಾಜ ಬರವಲ್ದು," ದಾದಾ ಅಂದ. ರಿಮೋಟು ಒತ್ತಿದ. ಟಿ.ವಿ.ಯ ಹಿಂದೆ ತಲೆ ತೂರಿಸಿ ವೈರು ಅಲುಗಾಡಿಸಿದ.

ಅದು ತೆಲುಗಿನಿಂದ ಹಿಂದಿಗೆ ತಂದ ಹೊಡೆದಾಟದ ಸಿನಿಮಾ. ಅಪ್ಪ ರೊಟ್ಟಿ ಮುರಿಯುತ್ತ ನೋಡಿ, "ಇವರು ಯಾವ ಊರವರೋ, ಏನ ಮಾತಾಡತಾರ ಒಂದೂ ತಿಳೀವಲ್ದು" ಅಂದ. ಮಾತು ಬಿಟ್ಟಿದ್ದ ದಾದಾ ಸಿನಿಮಾದ್ದೇ ದೋಷವಿರಬೇಕೆಂದು ಬದಲಿಸಿ ಒಂದು ಮರಾಠಿ ಸಿನಿಮಾ ಹಚ್ಚಿದ. ಅದಕ್ಕೂ ಆವಾಜ ಇರಲಿಲ್ಲ. ಅರಿಹಂತ ಫೋನು ಎತ್ತಲಿಲ್ಲ. ದಾದಾ ಟಿ.ವಿ.ಯನ್ನು ಹಾಗೇ ಬಿಟ್ಟು, ಗಾಡಿ ತೆಗೆದುಕೊಂಡು ರಿಪೇರಿ ಅಂಗಡಿಯವನನ್ನು ಕೇಳಲು ಹೋದ.

ಅವ್ವ, ನಾನು ಒಳಗೆ ಪಾತ್ರೆ ತೊಳೆದೆವು. ಅಪ್ಪ ಮಜ್ಜಿಗೆ ಕೇಳಿದ. ಕೊಡಲು ಹೋದಾಗ ಲೋಟ ತೆಗೆದುಕೊಂಡ, ಕಣ್ಣು ತೆರೆಯ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ನಗುವುದು ಕೇಳಿಸಿತು.

"ಹಣಮಪ್ಪ ಬಂದಾನೇನು ನೋಡು," ಅವ್ವ ಅಂದಳು. ಹಣಮಪ್ಪ ಅಪ್ಪನ ಜೊತೆ ಮಗ್ಗ ನಡೆಸುವವನು. ನಾನು ಇಣುಕಿದೆ. ಯಾರೂ ಬಂದಿರಲಿಲ್ಲ.

ದಾದಾ ತಿರುಗಿ ಬರುವ ಹೊತ್ತಿಗೆ ಸಿನಿಮಾ ಮುಗಿದು ಹೆಸರುಗಳು ಮೇಲಕ್ಕೆ ಏರುತ್ತಿದ್ದವು. ಅಂಗಡಿಯವನಿಗೂ ಏನೂ ಗೊತ್ತಾಗಿರಲಿಲ್ಲ. ಅಪ್ಪನೇ ಮೊದಲು ಮಾತಾಡಿಸಿದ; ತಟ್ಟೆಯಲ್ಲಿ ಕೈ ಒಣಗಿತ್ತು.

"ಛಲೋ ಐತಿ ಸಿನಿಮಾ. ಆ ಮುದುಕ ಕಡೀತನಕಾ ಎಮ್ಮಿ ಮಾರಲಿಲ್ಲ ನೋಡು. ಮಗಗ ಅಂತಾನ, ನಾ ಸತ್ತಮ್ಯಾಲ ಮಾರು, ಆದರ ಯಾರಿಗೆ ಮಾರತಿ ಅದನ್ನ ಈಗ ಹೇಳು."

ದಾದಾ ನಕ್ಕ. ಮಾತು ಬಿಟ್ಟದ್ದು ಅವನಿಗೆ ಮರೆತಿತ್ತು. "ಮೊದಲ ಇದನ್ನ ನೋಡಿದ್ರೇನು?"

"ನಾ ಎಲ್ಲಿ ನೋಡಲಿ?"

"ಮತ್ತ ಆವಾಜ ಇಲ್ದ ಕತಿ ಹೆಂಗ ತಿಳೀತು?"

ಅಪ್ಪ ಟಿ.ವಿ.ಯ ಕಡೆ ನೋಡಿದ, ಆಮೇಲೆ ದಾದಾನ ಕಡೆ.

"ಆವಾಜ ಇರಲಿಲ್ಲೇನು?"

ಅವ್ವ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ದಾದಾ ಅಪ್ಪನ ಹಿಂದೆ ಹೋಗಿ ನಿಂತ. "ಅಪ್ಪಾ," ಅಂದ. ಅಪ್ಪ ತಟ್ಟೆಯಲ್ಲಿ ಕೈ ತೊಳೆಯುತ್ತಿದ್ದ. "ಅಪ್ಪಾ," ದಾದಾ ಇನ್ನಷ್ಟು ಜೋರಾಗಿ ಅಂದ. ಹೊರಗೆ ಹೋಗುತ್ತಿದ್ದವನೊಬ್ಬ ತಿರುಗಿ ನೋಡಿದ. ಅಪ್ಪ ಅವ್ವನ ಮುಖ, ನನ್ನ ಮುಖ ನೋಡಿ, ನಾವು ನೋಡುತ್ತಿದ್ದ ಕಡೆಗೆ ಹೊರಳಿದ.

"ಏನು?"

ದಾದಾ ಮುಂದೆ ಬಂದು ಕೂತ. "ಎಷ್ಟ ದಿನದಿಂದ ಹಿಂಗ?"

"ಏನು ಹಿಂಗ?"

"ಕಿವಿ."

"ಶೆಡ್ಡಿನಾಗ ಎಲ್ಲಾರದೂ ಹಂಗ ಇರತೈತಿ. ಹಣಮಪ್ಪಂದು ನನಕಿಂತ ಜಾಸ್ತಿ. ಅದರಿಂದ ಕೆಲಸ ಏನ ನಿಂತೈತಿ? ಲೂಮ ನಿಂತರ ನನಗ ಕಾಲಿಗೆ ಗೊತ್ತಾಗತೈತಿ." ಅಪ್ಪ ತಟ್ಟೆ ಸರಿಸಿದ. "ನಿಮ್ಮ ಮಾತೆಲ್ಲಾ ತಿಳೀತೈತಲ್ಲ. ಮುಂದ ನಿಂತು ಹೇಳಿದ್ದೆಲ್ಲಾ ತಿಳೀತೈತಿ. ಸಿನಿಮಾದಾಗ ಸುದ್ಧಾ ತಿಳೀತು. ಒಂದ ಕಡೆ ಮಾತ್ರ ಆ ಹೆಣ್ಣಮಗಳು ಮಾರಿ ಆಕಡೆ ಮಾಡಿ ಏನೋ ಹೇಳಿ ಹೋದಳು. ಬೆನ್ನು ಏನ ಹೇಳತೈತಿ?"

ಅವ್ವ ಟ್ರಂಕಿನ ಮೇಲೆ ಕೂತಳು. ಕೂತವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಅಕಿಗೆ ನಾನ ಕಲಿಸಿದ್ದೆ," ಅಂದಳು.

ದಾದಾ ನಿಧಾನಕ್ಕೆ, ಬಾಯಿ ಅಗಲಿಸಿ ಅಪ್ಪನಿಗೆ ಹೇಳಿದ. "ಸಪನಾ ನಿಮ್ಮನ್ನ ಕೇಳಿದ್ದಳು. ತಂಗಿ ಸಾಖರಪುಡಾಕ ಹೋಗಲೇನು ಅಂತ. ನೀವು ಏನೂ ಅನಲಿಲ್ಲ ಅಂತ ಹೋಗಲಿಲ್ಲ. ಈಗ ಹೋದಾಕಿ ಬರೂದಿಲ್ಲ ಅಂದಾಳ."

"ನನಗ ಯಾವಾಗ ಕೇಳ್ಯಾಳ?"

"ಬಾಗಲ ಮರಿಗೆ ನಿಂತು."

ಅಪ್ಪ ಅಡುಗೆಮನೆಯ ಬಾಗಿಲನ್ನು ನೋಡಿದ. "ಸೆರಗು ಅಲುಗಾಡೂದು ಕಾಣತಿತ್ತು," ಅಂದ. "ಒಳಗ ನಿಮ್ಮವ್ವನ ಜೋಡಿ ಮಾತಾಡಾಕತ್ತಾಳ ಅಂತ ತಿಳದೇನಿ."

ಫೋನು ಮಾಡಿ ಹೇಳುತ್ತೇನೆಂದು ದಾದಾ ಎದ್ದ. "ಫೋನ ಬ್ಯಾಡ," ಅಪ್ಪ ಅಂದ. "ನಾ ಹೋಗತೇನಿ."

ಮುಂದಿನ ಸೂಟಿಗೆ ಅಪ್ಪ ಹೊರಟ. ಕಂಡಕ್ಟರನ ಮಾತು ತಿಳಿಯದಿದ್ದರೆ ಇರಲಿ ಎಂದು ಅವ್ವ ನನ್ನನ್ನು ಜೊತೆಗೆ ಕಳಿಸಿದಳು. ದಾದಾನಿಗೆ ಅಂದು ಕೆಲಸವಿತ್ತು. ನಿಪ್ಪಾಣಿ ದಾಟುವವರೆಗೂ ಅಪ್ಪ ಕಿಟಕಿಯ ಹೊರಗೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಅಕಿ ಇನ್ನೂ ಏನೇನ ಕೇಳ್ಯಾಳ?" ಅಂದ.

"ಚಹಾ ಕುಡೀರಿ ಅಂದಾಳ. ನೀರ ಬಿಸಿ ಆಗೇತಿ ಅಂದಾಳ. ಒಮ್ಮೆ ಆರಾಮ ಇದ್ದೀರೇನ್ರಿ ಅಂತ ಕೇಳ್ಯಾಳ, ನಿಮಗ ಜ್ವರ ಬಂದಾಗ."

ಅಪ್ಪ ಮತ್ತೆ ಕಿಟಕಿಯ ಕಡೆ ತಿರುಗಿದ.

ಮಾಯಪ್ಪ ಅಂಗಡಿಯಿಂದ ಎದ್ದು ಬಂದು ನೀರು ಕೊಟ್ಟ, ಖುರ್ಚಿ ಹಾಕಿದ. ಆದರೆ ಮುಖ ಬಿಗಿದುಕೊಂಡಿತ್ತು. ರಸ್ತೆಯ ಕಡೆ ನೋಡುತ್ತಲೇ, "ಬೀಗರಿಗೆ ಈಗ ನೆನಪಾತು ನಮ್ಮ ಮನಿ" ಅಂದ. ಅಪ್ಪನಿಗೆ ಅದು ತಿಳಿಯಲಿಲ್ಲ. ನಾನು ತಿಳಿಸಲೂ ಇಲ್ಲ. ವೈನಿ ಒಳಗಿನಿಂದ ಚಹಾ ತಂದಳು. ತವರಿನಲ್ಲೂ ಅಪ್ಪನನ್ನು ಕಂಡು ಸೆರಗು ಬಾಯಿಯ ಮೇಲೆ ಎಳೆದುಕೊಂಡಿದ್ದಳು. ತಟ್ಟೆ ಇಟ್ಟು ಬಾಗಿಲ ಹಿಂದಕ್ಕೆ ಸರಿದಳು.

"ಸಪನಾ," ಅಪ್ಪ ಕರೆದ. ಆ ಹೆಸರನ್ನು ಅಪ್ಪನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ದನಿ ಶೆಡ್ಡಿನಷ್ಟೇ ದೊಡ್ಡದಾಗಿತ್ತು. ಎದುರು ಮನೆಯವರು ಹೊರಗೆ ಬಂದರು. "ಈ ಕಡೆ ಬೆಳಕಿಗೆ ಬಾ."

ವೈನಿ ಎರಡು ಹೆಜ್ಜೆ ಬಂದಳು.

"ಬಾಯಿ ಮ್ಯಾಲಿನ ಸೆರಗು ತಗಿ. ನನಗ ಕೇಳಸೂದಿಲ್ಲವ್ವಾ. ಬಾಯಿ ಕಂಡರ ತಿಳೀತೈತಿ."

ವೈನಿ ನನ್ನ ಮುಖ ನೋಡಿದಳು. ನಾನು ಹೌದೆಂದು ತಲೆಯಾಡಿಸಿದೆ. ಅವಳ ಅವ್ವ ಒಳಗಿನಿಂದ ಏನೋ ಹೇಳಲು ಬಂದವಳು ಹೊಸ್ತಿಲಲ್ಲೇ ನಿಂತಳು. ವೈನಿ ಸೆರಗನ್ನು ಕೆಳಗಿಳಿಸಿದಳು.

"ನೀ ನನಗ ಏನೋ ಕೇಳಿದ್ದಿ ಅಂತ. ಈಗ ಕೇಳು."

ಅವಳು ಅವತ್ತಿನ ಮಾತನ್ನೇ ಹೇಳಿದಳು. "ಮಾಮಾ, ರತ್ನಮಾಲಾನ ಸಾಖರಪುಡಾ ಐತ್ರಿ. ಹೋಗಿ ಬರಲೇನ್ರಿ?"

"ಹೋಗಿ ಬಾ," ಅಪ್ಪ ಅಂದ.

ಅವಳ ಹಿಂದೆ ರತ್ನಮಾಲಾ ಬೆರಳಿನ ಹೊಸ ಉಂಗುರ ತಿರುಗಿಸುತ್ತ ನಿಂತಿದ್ದಳು. ಯಾರೂ ನಗಲಿಲ್ಲ.

"ಅದು ಮುಗದು ಹೋತ್ರಿ ಮಾಮಾ," ವೈನಿ ಅಂದಳು.

"ಹೂಂ. ಗೊತ್ತೈತಿ."

ಅಪ್ಪ ಚಹಾ ಎತ್ತಿಕೊಂಡ. ಅದು ಇನ್ನೂ ಬಿಸಿಯಿತ್ತು. ಕುಡಿದು ಮುಗಿಸಿ, ಮಾಯಪ್ಪನ ಕಡೆ ಪೂರ್ತಿ ತಿರುಗಿ ಕೂತು ಹೇಳಿದ. "ಬೀಗರ, ಟಿ.ವಿ. ಛಲೋದ ಕೊಟ್ಟೀರಿ. ವೈರ ಖರಾಬ ಇತ್ತು."

ಮಾಯಪ್ಪ ಏನೂ ತಿಳಿಯದೆ ನನ್ನನ್ನು ನೋಡಿದ. ನಾನು ಎಲ್ಲ ಹೇಳಬೇಕಾಯಿತು.

ವೈನಿ ಅಂದು ನಮ್ಮ ಜೊತೆ ಬರಲಿಲ್ಲ. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಕೆಲವು ದಿನಗಳ ಮೇಲೆ ಒಬ್ಬಳೇ ಎಸ್.ಟಿ. ಬಸ್ಸು ಹಿಡಿದು ಬಂದಳು. ಅವ್ವ ಬಾಗಿಲಲ್ಲಿ ನೀರು ಕೊಟ್ಟು, "ಮನಿ ಒಳಗ ಸೆರಗು ಬ್ಯಾಡ ಬಿಡು. ಮಂದಿ ಬಂದಾಗ ಹಾಕೋ" ಅಂದಳು. ಖೋಲಿಯ ಮಾತನ್ನು ಯಾರೂ ಎತ್ತಲಿಲ್ಲ. ದಾದಾ ಖೋಲಿಯವನಿಗೆ ಹೂಂ ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ವೈನಿ ಚೀಲದಿಂದ ಸೀರೆಗಳನ್ನು ತೆಗೆದು ಕಪಾಟಿನಲ್ಲಿಡದೆ ಹಾಗೇ ಬಿಟ್ಟದ್ದನ್ನು ಅವ್ವ ದಿನಾ ನೋಡುತ್ತಿದ್ದಳು.

ಆವಾಜ ಕೊನೆಗೆ ಬಂತು. ಡಬ್ಬಿ ಇನ್ನೂ ಹಳೆಯ ಮೂರು ಬಣ್ಣದ ವೈರೇ ಇದೆಯೆಂದು ತಿಳಿದು ಆವಾಜವನ್ನು ಆ ದಾರಿಗೆ ಕಳಿಸುತ್ತಿತ್ತಂತೆ. ಸೆಟಿಂಗಿನಲ್ಲಿ ಒಂದು ಕಡೆ ಒತ್ತುವುದಿತ್ತು, ಅಷ್ಟೆ. ಅರಿಹಂತ ಅದನ್ನು ಮೊದಲೇ ಹೇಳಲು ಮರೆತಿದ್ದ.

ಸೂಟಿಯ ಮಧ್ಯಾಹ್ನ ಎಲ್ಲರೂ ಉಂಡು ಟಿ.ವಿ.ಯ ಮುಂದೆ ಕೂತಿದ್ದೆವು. ಅಪ್ಪ ಆ ಎಮ್ಮೆಯ ಸಿನಿಮಾವನ್ನೇ ಮತ್ತೆ ಹಚ್ಚಿಸಿದ್ದ. ವೈನಿ ಅಡುಗೆಮನೆಯಿಂದ ಬಂದು ತೆರೆಗೆ ಅಡ್ಡವಾಗಿ, ಅಪ್ಪನ ನೇರ ಎದುರಿಗೆ ನಿಂತಳು.

"ಮಾಮಾ, ಇಚಲಕರಂಜಿ ರಸ್ತೇದ ಗಾರ್ಮೆಂಟಿನಾಗ ಹೊಲಗಿ ಕೆಲಸ ಐತ್ರಿ. ಹೋಗಲೇನ್ರಿ?"

"ಬ್ಯಾಡ," ಅಪ್ಪ ಅಂದ.

"ಯಾಕ ಬ್ಯಾಡ್ರಿ?"

"ಮನ್ಯಾಗ ಕೆಲಸ ಕಡಿಮಿ ಐತೇನು?"

"ಮನಿ ಕೆಲಸಕ್ಕ ಅತ್ತಿ ಅದಾರ, ಸಾರಿಕಾ ಅದಾಳ, ನಿಮ್ಮ ಮಗ ಅದಾರ."

"ನನ್ನ ಯಾಕ ನಡುವ ಎಳೀತಿ?" ದಾದಾ ಅಂದ.

"ದಿನಾ ಸಂಜಿಕ ಡಬ್ಬಿ ಮುಂದ ಕುಂದರತೀರಲ್ಲ. ಆ ಹೊತ್ತಿನಾಗ ಚಪಾತಿ ಲಟ್ಟಿಸ್ರಿ. ಸಾರಿಕಾನ ನಕಾಶೆಕಿಂತ ಛಲೋ ಬರತಾವ."

"ಮಾವನ ಮುಂದ ನಿಂತು ಹಿಂಗ ಮಾತಾಡತಾರೇನ?" ಅವ್ವನಿಗೆ ತಡೆಯಲಾಗಲಿಲ್ಲ.

"ಆಡಲಿ ಬಿಡು," ಅಪ್ಪ ಅಂದ. "ಸ್ವಚ್ಛ ಕಾಣಾಕತ್ತೈತಿ."

"ಖೋಲಿ ಮಾಡಿ ಹೋಗೂದಿದ್ದರ ಈ ಕೆಲಸ ಕೇಳತಿದ್ದಿಲ್ರಿ ನಾ," ವೈನಿ ಅಂದಳು. "ಗೋಕುಳ ಶಿರಗಾಂವದಿಂದ ಇಲ್ಲಿಗೆ ಯಾರ ಬರತಾರ ಹೊಲ್ಯಾಕ?"

ಅವ್ವ ದಾದಾನ ಕಡೆ ನೋಡಿದಳು. ದಾದಾ ರಿಮೋಟು ನೋಡಿಕೊಂಡ. ಅಪ್ಪನಿಗೆ ಖೋಲಿಯ ವಿಷಯ ಮೊದಲ ಸಲ ತಿಳಿದದ್ದು ಆಗಲೇ. ಆದರೆ ಅವನು ಅದನ್ನು ಕೇಳಲಿಲ್ಲ. ಬೇರೆಯದನ್ನು ಕೇಳಿದ.

"ಅಲ್ಲಿ ಮಶೀನು ಎಷ್ಟ ಸಪ್ಪಳ ಮಾಡತಾವ?"

"ಗೊತ್ತಿಲ್ರಿ."

"ಮೊದಲ ಹೋಗಿ ಒಂದ ತಾಸ ನಿಂತು ನೋಡಿ ಬಾ. ಪಕ್ಕದಾಕಿ ಮಾತು ಕಿವಿಗೆ ಬಿದ್ದರ ಹೋಗು. ಅಕಿ ಬಾಯಿ ನೋಡಬೇಕಾದರ ಬ್ಯಾಡ."

"ನೋಡಿ ಬರತೇನ್ರಿ," ವೈನಿ ಅಂದಳು.

"ಹೂಂ. ಬಾಜೂಕ ಸರಿ ಈಗ. ಎಮ್ಮಿ ಕಾಣವಲ್ದು."

ವೈನಿ ಸರಿದು, ಅಪ್ಪನಿಗೆ ತನ್ನ ಮುಖ ಕಾಣುವಂತೆ ಗೋಡೆಗೆ ಒರಗಿ ಕೂತಳು.